ಕಸುಬಿನ ಮಾತು ಯಾರಿಗೆ ಅರ್ಥವಾಗುತ್ತದೆ?

ಕೈಕಸುಬನ್ನು ಮಾತಿನಿಂದ ಕಲಿಸಬಹುದೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಶಬ್ದಪ್ರಮಾಣದ ಚರ್ಚೆಯೊಳಗೆ ಬರುತ್ತದೆ. ನಂಬಲರ್ಹನ ಮಾತಿನಿಂದ ಜ್ಞಾನ ಹುಟ್ಟುತ್ತದೆ ಎಂದು ನ್ಯಾಯದರ್ಶನ ಒಪ್ಪುತ್ತದೆ. ಹೊಳೆಯ ದಡದಲ್ಲಿ ಐದು ಹಣ್ಣುಗಳಿವೆ ಎಂದು ಕಂಡವನು ಹೇಳಿದರೆ, ಕೇಳಿದವನಿಗೆ ಹೋಗಿ ನೋಡದೆಯೂ ಅದು ತಿಳಿಯುತ್ತದೆ. ಇದು ಆ ಶಾಸ್ತ್ರದವರು ಕೊಡುತ್ತ ಬಂದ ಉದಾಹರಣೆ. ಆದರೆ ನೂಲು ಕಡಿಯದ ಹಾಗೆ ಹಂಜಿಯನ್ನು ಎಳೆಯುವುದು ಹೇಗೆಂದು ಬಲ್ಲವಳೊಬ್ಬಳು ಹೇಳಿದರೆ, ಕೇಳಿದವಳಿಗೆ ತಿಳಿದದ್ದೇನು? ಆಕೆ ಆ ಮಾತನ್ನು ತಪ್ಪಿಲ್ಲದೆ ಒಪ್ಪಿಸಬಲ್ಲಳು, ಇನ್ನೊಬ್ಬರಿಗೆ ದಾಟಿಸಲೂ ಬಲ್ಲಳು. ರಾಟೆಯ ಮುಂದೆ ಕೂತರೆ ಮಾತ್ರ ನೂಲು ಕಡಿಯುತ್ತದೆ. ಮಾತು ನಿಜ, ಹೇಳಿದವಳು ಪ್ರಾಮಾಣಿಕಳು, ಕೇಳಿದವಳು ದಡ್ಡಿಯಲ್ಲ. ಆದರೂ ಹಣ್ಣಿನ ವಿಷಯದಲ್ಲಿ ದಾಟಿದ್ದು ನೂಲಿನ ವಿಷಯದಲ್ಲಿ ದಾಟುವುದಿಲ್ಲ.

ನಂಜನಗೂಡು ತಾಲ್ಲೂಕಿನ ಬದನವಾಳು ಈ ಪ್ರಶ್ನೆಯನ್ನು ಕೆಲಸದ ಮೇಲೇ ಇಟ್ಟು ನೋಡಲು ತಕ್ಕ ಊರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1927ರಲ್ಲಿ, ಇಲ್ಲಿ ಖಾದಿ ಕೇಂದ್ರ ಶುರುವಾಯಿತು. ಗಾಂಧೀಜಿ ಬಂದು ನೋಡಿ ಹೋದರು. ಅದೇ ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿ ಕೆಲಸಕ್ಕೆ ಟೊಂಕ ಕಟ್ಟಿ ನಿಂತರು. ಬದನವಾಳಿನಲ್ಲಿ ಮೊದಲು ರಾಟೆ ಹಿಡಿದವರು ಊರಿನ ದಲಿತ ಹೆಣ್ಣುಮಕ್ಕಳು ಎಂದು ಹೇಳುತ್ತಾರೆ. ಹತ್ತಿಯನ್ನು ಅರಳೆಯಾಗಿ, ಹಂಜಿಯಾಗಿ, ನೂಲಾಗಿ, ಬಟ್ಟೆಯಾಗಿ ಮಾಡುವ ಕೆಲಸ ಅಲ್ಲಿನ ಹಳೆಯ ಹೆಂಚಿನ ಕಟ್ಟಡಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರ ಕಿವಿಗೆ ಒಂದೇ ದಿನದಲ್ಲಿ ಹತ್ತಾರು ಪದಗಳು ಬೀಳುತ್ತವೆ: ಹಂಜಿ, ಕದಿರು, ಲಡಿ, ಗಂಜಿ, ಹಾಸು, ಹೊಕ್ಕು, ಲಾಳಿ. ಒಂದೂ ಪರಭಾಷೆಯ ಮಾತಿನಂತೆ ಕೇಳಿಸುವುದಿಲ್ಲ. ತೊಡಕು ಇರುವುದೂ ಅಲ್ಲೇ. ಹಾಸುಹೊಕ್ಕು ಎಂಬ ಮಾತನ್ನು ಕನ್ನಡದ ಪತ್ರಿಕೆಗಳು ದಿನ ಬಿಟ್ಟು ದಿನ ಬಳಸುತ್ತವೆ. ಮಗ್ಗದ ಮುಂದೆ ನಿಲ್ಲಿಸಿ ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿದರೆ, ಅದನ್ನು ಬರೆದವರಲ್ಲಿ ಬಹಳ ಮಂದಿ ತಡವರಿಸಬಹುದು. ಪದ ಗೊತ್ತಿದೆ ಎಂಬ ಭಾವನೆ ಕಲಿಯುವವರ ಮೊದಲ ಅಡ್ಡಿ.

ಗೊಂದಲ ಪದಗಳಲ್ಲಿ ಮಾತ್ರವಲ್ಲ, ಅಂಕಿಗಳಲ್ಲೂ ಇದೆ. ಹತ್ತಿ ನೂಲಿನ ದಪ್ಪವನ್ನು ನಂಬರಿನಲ್ಲಿ ಹೇಳುತ್ತಾರೆ. ಹಳೆಯ ಇಂಗ್ಲಿಷ್ ಲೆಕ್ಕದ ಪ್ರಕಾರ 840 ಗಜದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್ ತೂಗುತ್ತವೋ ಅದು ಆ ನೂಲಿನ ನಂಬರು. ಹಾಗಾಗಿ ನಂಬರು ಏರಿದಷ್ಟೂ ನೂಲು ಸಣ್ಣ. ಪಕ್ಕದ ತಾಲ್ಲೂಕು ತಿ. ನರಸೀಪುರಕ್ಕೆ ಹೋದರೆ ಅಲ್ಲಿ ರೇಷ್ಮೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಯಿದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ಎಳೆ ಅಲ್ಲಿಂದ ಹೋಗುತ್ತದೆ. ರೇಷ್ಮೆಯನ್ನು ಅಳೆಯುವುದು ಡೆನಿಯರ್‌ನಲ್ಲಿ, ಅಂದರೆ 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ. ಇಲ್ಲಿ ಅಂಕಿ ಏರಿದಷ್ಟೂ ಎಳೆ ದಪ್ಪ. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ, ಎರಡೂ ಕಡೆ ನೂಲಿನದೇ ಕೆಲಸವಿದ್ದು, ದೊಡ್ಡ ಅಂಕಿ ಒಂದೆಡೆ ಸಣ್ಣ ಎಳೆಯನ್ನೂ ಇನ್ನೊಂದೆಡೆ ದಪ್ಪ ಎಳೆಯನ್ನೂ ಸೂಚಿಸುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಒಂದು ತೂಕವನ್ನು ನಿಲ್ಲಿಸಿ ಉದ್ದವನ್ನು ಎಣಿಸುತ್ತದೆ, ಇನ್ನೊಂದು ಉದ್ದವನ್ನು ನಿಲ್ಲಿಸಿ ತೂಕವನ್ನು ಎಣಿಸುತ್ತದೆ.

ಉಲ್ಲನ್ ಹೆಣಿಗೆಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಸ್ವೆಟರ್ ಹೆಣೆಯುವವರು ಸೀದಾ, ಉಲ್ಟಾ ಎಂದು ಎರಡು ಬಗೆಯ ಹೆಣಿಗೆ ಹೇಳುತ್ತಾರೆ. ಕುಣಿಕೆ ಮಾತ್ರ ಒಂದೇ. ಈ ಮಗ್ಗುಲಿನಿಂದ ಸೀದಾ ಕಂಡದ್ದು ಆ ಮಗ್ಗುಲಿನಿಂದ ಉಲ್ಟಾ. ಕ್ರೋಶದಲ್ಲಿ ಅಮೆರಿಕದ ಪುಸ್ತಕ ಸಿಂಗಲ್ ಎಂದು ಕರೆಯುವ ಕುಣಿಕೆಯನ್ನು ಬ್ರಿಟನ್ನಿನ ಪುಸ್ತಕ ಡಬಲ್ ಎನ್ನುತ್ತದೆ. ಪುಸ್ತಕ ಯಾವ ದೇಶದ್ದೆಂದು ನೋಡದೆ ಶುರು ಮಾಡಿದವರ ಕೆಲಸ ಅಳತೆ ತಪ್ಪುತ್ತದೆ. ನೂಲಿನ ಹುರಿಯನ್ನು ಬಲಹುರಿ, ಎಡಹುರಿ ಎಂದರೂ ಇದೇ ಪಾಡು. ಯಾರ ಬಲ, ಯಾವ ಕಡೆಯಿಂದ ನೋಡಿದಾಗ ಎಡ ಎಂಬ ಜಗಳ ತೀರುವುದಿಲ್ಲ. ಕೊನೆಗೆ ಜವಳಿ ಉದ್ಯಮದವರು ಬಲ ಎಡಗಳನ್ನು ಬಿಟ್ಟು ರೋಮನ್ ಲಿಪಿಯ ಎಸ್ ಮತ್ತು ಝಡ್ ಅಕ್ಷರಗಳ ನಡುವಿನ ಗೆರೆ ಯಾವ ಕಡೆಗೆ ವಾಲುತ್ತದೆ ಎಂಬುದನ್ನೇ ಹೆಸರಾಗಿ ಹಿಡಿದರು. ನೂಲನ್ನು ತಲೆಕೆಳಗು ಮಾಡಿದರೂ ಆ ವಾಲು ಬದಲಾಗುವುದಿಲ್ಲ. ಪರಿಭಾಷೆಯ ಗೊಂದಲವನ್ನು ಒಪ್ಪಂದವೊಂದು ನಿಜಕ್ಕೂ ಬಗೆಹರಿಸಿದ ಅಪರೂಪದ ಸಂದರ್ಭ ಇದು. ಆದರೂ ಹುರಿ ಹಾಕಲು ಈ ಅಕ್ಷರಗಳು ಯಾರಿಗೂ ಕಲಿಸಿಲ್ಲ.

ಪದಕ್ಕೂ ವಸ್ತುವಿಗೂ ಇರುವ ನಂಟು ಮೊದಲ ಬಾರಿ ಹೇಗೆ ತಿಳಿಯುತ್ತದೆ? ಈ ಪ್ರಶ್ನೆಯನ್ನು ಮೀಮಾಂಸಕರಷ್ಟು ಹಟ ಹಿಡಿದು ಕೇಳಿದವರು ಕಡಿಮೆ. ಅವರ ಉತ್ತರಕ್ಕೆ ವೃದ್ಧವ್ಯವಹಾರ ಎಂದು ಹೆಸರು. ಮನೆಯಲ್ಲಿ ಹಿರಿಯನೊಬ್ಬ ಮತ್ತೊಬ್ಬನಿಗೆ ಹಸುವನ್ನು ತಾ ಎನ್ನುತ್ತಾನೆ. ಆತ ಹೋಗಿ ಒಂದು ಪ್ರಾಣಿಯನ್ನು ಹಿಡಿದು ತರುತ್ತಾನೆ. ಪಕ್ಕದಲ್ಲಿ ಕೂತ ಮಗುವಿಗೆ ಆಗ ಇಡೀ ಮಾತಿಗೂ ಇಡೀ ಕ್ರಿಯೆಗೂ ನಂಟಿದೆ ಎಂಬಷ್ಟೇ ಹೊಳೆಯುತ್ತದೆ. ಮುಂದೆ ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂಬ ಮಾತುಗಳು ಬೀಳುತ್ತವೆ. ಒಂದು ಪದ ಬದಲಾದಾಗ ಕ್ರಿಯೆಯಲ್ಲಿ ಏನು ಬದಲಾಯಿತು ಎಂದು ಗಮನಿಸುತ್ತ ಮಗು ಪದಗಳನ್ನು ಬಿಡಿಬಿಡಿಯಾಗಿ ಹೆಕ್ಕಿಕೊಳ್ಳುತ್ತದೆ. ಈ ಪದ ಸೇರಿಸುವ, ಆ ಪದ ತೆಗೆಯುವ ಬಗೆಯನ್ನು ಆವಾಪ, ಉದ್ವಾಪ ಎಂದು ಕರೆದರು. ಸುಮಾರು 7ನೇ ಶತಮಾನದ ಪ್ರಭಾಕರ ಇದರಿಂದ ಖಡಾಖಂಡಿತವಾದ ತೀರ್ಮಾನಕ್ಕೆ ಬಂದ: ಪದಕ್ಕೆ ಒಂಟಿಯಾಗಿ ಅರ್ಥವಿಲ್ಲ, ಮಾಡಬೇಕಾದ ಕೆಲಸದೊಂದಿಗೆ ಬೆಸೆದುಕೊಂಡಾಗಲೇ ಅರ್ಥ. ಮತ್ತೊಬ್ಬ ಮೀಮಾಂಸಕ ಕುಮಾರಿಲನ ಮಾರ್ಗದವರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಪದಗಳು ಮೊದಲು ತಮ್ಮ ತಮ್ಮ ಅರ್ಥ ಹೇಳುತ್ತವೆ, ವಾಕ್ಯಾರ್ಥ ಅನಂತರ ಕೂಡಿ ಬರುತ್ತದೆ. ಕಾವ್ಯ ಓದುವವರಿಗೆ, ಕೋಶ ಬರೆಯುವವರಿಗೆ ಕುಮಾರಿಲನ ದಾರಿ ಅನುಕೂಲ. ಖಾದಿ ಕೇಂದ್ರದಲ್ಲಿ ಕಲಿಯಲು ಕೂತವರ ಅನುಭವ ಮಾತ್ರ ಪ್ರಭಾಕರನ ಕಡೆಗೇ ಸಾಕ್ಷಿ ಹೇಳುತ್ತದೆ. ಹಂಜಿ ಹಿಡಿ, ಹಂಜಿ ಬಿಡು, ಕದಿರಿಗೆ ಕೊಡು ಎಂಬ ಮಾತುಗಳು ಕೈಗಳ ಓಡಾಟದೊಳಗೆ ಬಿದ್ದಾಗಲೇ ಹಂಜಿ ಯಾವುದು, ಬಿಡುವುದು ಎಂದರೆ ಎಷ್ಟು ಎಂಬುದು ಬಿಡಿಸಿಕೊಳ್ಳುತ್ತದೆ.

ನೈಯಾಯಿಕರು ಪದಾರ್ಥ ತಿಳಿಯುವ ಎಂಟು ದಾರಿಗಳನ್ನು ಎಣಿಸಿದ್ದಾರೆ. ವ್ಯಾಕರಣ, ಉಪಮಾನ, ಕೋಶ, ಆಪ್ತರ ಮಾತು, ವ್ಯವಹಾರ, ಮುಂದಿನ ವಾಕ್ಯ, ವಿವರಣೆ, ಗೊತ್ತಿರುವ ಪದದ ಸಾಮೀಪ್ಯ. ಕೋಶಕ್ಕೆ ಎಂಟರಲ್ಲಿ ಒಂದು ಪಾಲು ಅಷ್ಟೆ ಎಂಬುದನ್ನು ಪದಕೋಶ ಮಾಡಿಬಿಟ್ಟರೆ ಕಸುಬು ಉಳಿಯಿತು ಎನ್ನುವವರು ಗಮನಿಸಬೇಕು. ಇವುಗಳಲ್ಲಿ ಉಪಮಾನವನ್ನು ಅವರು ವಿವರಿಸಿದ ರೀತಿ ಕಸುಬಿನ ಪುಸ್ತಕ ಓದುವವರಿಗೆ ಹೇಳಿ ಮಾಡಿಸಿದಂತಿದೆ. ಗವಯ ಎಂಬ ಪ್ರಾಣಿ ಹಸುವಿನಂತೆ ಇರುತ್ತದೆ ಎಂದು ಪಟ್ಟಣದವನೊಬ್ಬ ಕಾಡಿನವನಿಂದ ಕೇಳುತ್ತಾನೆ. ಆ ಮಾತು ಅವನೊಳಗೆ ಸುಮ್ಮನೆ ಬಿದ್ದಿರುತ್ತದೆ. ಎಂದೋ ಕಾಡಿಗೆ ಹೋದಾಗ ಹಸುವಿನಂಥದ್ದೊಂದು ಎದುರು ನಿಲ್ಲುತ್ತದೆ. ಆಗ ಹಳೆಯ ಮಾತು ನೆನಪಾಗಿ, ಗವಯ ಎಂಬುದು ಇದರ ಹೆಸರು ಎಂಬ ಅರಿವು ಹುಟ್ಟುತ್ತದೆ. ಕಾಡಿನವನ ಮಾತು ವ್ಯರ್ಥವಾಗಲಿಲ್ಲ, ಆದರೆ ಹೇಳಿದ ಗಳಿಗೆಯಲ್ಲೇ ಅದು ಫಲಿಸಲೂ ಇಲ್ಲ. ಹೆಣಿಗೆಯ ಪುಸ್ತಕದ ಸೂಚನೆಯೂ ಹೀಗೆ ಕಾದಿರುತ್ತದೆ. ಮೂರನೇ ಸಾಲಿನ ಸೂಚನೆ ಅರ್ಥವಾಗಬೇಕಾದರೆ ಎರಡನೇ ಸಾಲು ಕಡ್ಡಿಯ ಮೇಲೆ ಇರಬೇಕು. ಎಲ್ಲವನ್ನೂ ಮೊದಲು ಓದಿ ಮುಗಿಸಿ, ಅರ್ಥ ಮಾಡಿಕೊಂಡು, ಆಮೇಲೆ ಕೈ ಹಚ್ಚುತ್ತೇನೆ ಎಂದುಕೊಂಡವರು ಮೊದಲ ಪುಟದಲ್ಲೇ ಸೋಲುವುದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ.

ವ್ಯಾಕರಣದ ದಾರ್ಶನಿಕ ಭರ್ತೃಹರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಎಲ್ಲ ಅರಿವಿನಲ್ಲೂ ಶಬ್ದ ಬೆರೆತಿದೆ ಎಂದು ಸಾರಿದವನು ಅವನು. ಅವನ ವಾಕ್ಯಪದೀಯದ ಮೊದಲ ಕಾಂಡದಲ್ಲೇ ರತ್ನ, ನಾಣ್ಯಗಳನ್ನು ಪರೀಕ್ಷಿಸುವವರ ಮಾತು ಬರುತ್ತದೆ. ಅವರ ತಿಳಿವಳಿಕೆ ಊಹೆಯಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು, ಅದನ್ನು ಬೇರೆಯವರಿಗೆ ಹೇಳಿ ತಿಳಿಸಲಾಗದು ಎನ್ನುತ್ತಾನೆ. ಶಬ್ದದ ಮಹಿಮೆಯನ್ನು ಇಷ್ಟು ಎತ್ತರಕ್ಕೆ ಒಯ್ದ ದಾರ್ಶನಿಕನೇ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗುರುತಿಸಿರುವುದು ದೊಡ್ಡ ಪ್ರಾಮಾಣಿಕತೆ. ಬ್ರಿಟನ್ನಿನ ದಾರ್ಶನಿಕ ಗಿಲ್ಬರ್ಟ್ ರೈಲ್ 1949ರಲ್ಲಿ, ಇಂಥದ್ದು ಹೀಗಿದೆ ಎಂದು ತಿಳಿಯುವುದೂ ಮಾಡುವುದು ಹೇಗೆಂದು ತಿಳಿಯುವುದೂ ಬೇರೆ ಬೇರೆ ಎಂದು ವಾದಿಸಿದ. ಹೇಳಲಾಗುವುದಕ್ಕಿಂತ ಹೆಚ್ಚಿನದು ಮನುಷ್ಯನಿಗೆ ಗೊತ್ತಿರುತ್ತದೆ ಎಂಬುದು ಮೈಕೆಲ್ ಪೊಲಾನಿಯ ನಿಲುವು. ಇವೆಲ್ಲ 20ನೇ ಶತಮಾನದ ಹೊಸ ಶೋಧಗಳೆಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುವಾಗ ಭರ್ತೃಹರಿಯ ರತ್ನಪರೀಕ್ಷಕರ ನೆನಪು ಬರಬೇಕಿತ್ತು.

ಹೇಳಲಾಗದ್ದು ಬೇರೆ, ಹೇಳದೆ ಇಟ್ಟುಕೊಂಡದ್ದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಇದಕ್ಕೆ ಗಾಂಧೀಜಿಯ ಆತ್ಮಕಥೆಯಲ್ಲಿ ಒಳ್ಳೆಯ ನಿದರ್ಶನವಿದೆ. 1909ರಲ್ಲಿ ಹಿಂದ್ ಸ್ವರಾಜ್ ಬರೆದಾಗ ಅವರು ಮಗ್ಗವನ್ನೂ ನೋಡಿರಲಿಲ್ಲ, ರಾಟೆಯನ್ನೂ ನೋಡಿರಲಿಲ್ಲ. ಮಗ್ಗಕ್ಕೂ ರಾಟೆಗೂ ವ್ಯತ್ಯಾಸ ಗೊತ್ತಿಲ್ಲದೆ, ರಾಟೆ ಎನ್ನಬೇಕಾದ ಕಡೆ ಮಗ್ಗ ಎಂದು ಬರೆದೆ ಎಂದು ಮುಂದೆ ಅವರೇ ಒಪ್ಪಿಕೊಂಡರು. ದೇಶದ ಬಡತನಕ್ಕೆ ಮದ್ದು ಎಂದು ಸೂಚಿಸಿದ ವಸ್ತುವಿನ ಹೆಸರೇ ಅದಲುಬದಲಾಗಿತ್ತು. ಅಹಮದಾಬಾದಿನ ಆಶ್ರಮದಲ್ಲಿ ನೇಯ್ಗೆ ಶುರು ಮಾಡಿದಾಗ ಅಲ್ಲಿದ್ದವರೆಲ್ಲ ಓದು ಬರಹದ ಇಲ್ಲವೇ ವ್ಯಾಪಾರದ ಹಿನ್ನೆಲೆಯವರು, ಕಸುಬುದಾರ ಒಬ್ಬನೂ ಇರಲಿಲ್ಲ. ಪಾಲನಪುರದಿಂದ ನೇಕಾರನೊಬ್ಬನನ್ನು ಕರೆತಂದರು. ಆತ ತನ್ನ ವಿದ್ಯೆಯನ್ನು ಪೂರ್ತಿ ಕಲಿಸಲಿಲ್ಲ ಎಂದು ಗಾಂಧೀಜಿ ಬರೆಯುತ್ತಾರೆ. ಆತನ ಪಕ್ಷದಲ್ಲಿ ಒಂದು ಮಾತು ಹೇಳಬೇಕು. ಹೊಟ್ಟೆಪಾಡಿನ ಗುಟ್ಟನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿಲ್ಲದಿರಬಹುದು, ನಿಜ. ಬಾಲ್ಯದಿಂದ ಮಗ್ಗದ ಕುಣಿಯಲ್ಲಿ ಕೂತು ಬೆಳೆದವನಿಗೆ ತನಗೇನು ಗೊತ್ತಿದೆ ಎಂಬುದೇ ಮಾತಾಗಿ ಹೊಳೆಯದೆಯೂ ಇರಬಹುದು. ಕೊನೆಗೆ ಆಶ್ರಮದ ಮಗನಲಾಲ್ ಗಾಂಧಿ ಮಾಡುತ್ತ ಮಾಡುತ್ತ ನೇಯ್ಗೆಯನ್ನು ವಶ ಮಾಡಿಕೊಂಡರು, ಅವರ ಹಿಂದೆ ಆಶ್ರಮದಲ್ಲಿ ಒಬ್ಬರ ಮೇಲೊಬ್ಬರು ನೇಕಾರರು ತಯಾರಾದರು. ವಿಜಾಪುರದಲ್ಲಿ ರಾಟೆಯನ್ನು ಹುಡುಕಿಕೊಟ್ಟ ಗಂಗಾಬೆನ್ ಹಂಜಿಗಾಗಿ ಒಬ್ಬ ಪಿಂಜಾರನನ್ನು ಗೊತ್ತುಮಾಡಿ, ಕೆಲವು ಹುಡುಗರಿಗೆ ಹಂಜಿ ಮಾಡುವುದನ್ನು ಕಲಿಸಿದರು. ಚರಕದ ಶಾಸ್ತ್ರವನ್ನು ಪುಸ್ತಕವಾಗಿ ಬರೆಯುವ ಕೆಲಸ ಇವೆಲ್ಲ ಆದ ಮೇಲಿನದು.

ರಾಟೆಯ ಪದಗಳು ಧರ್ಮದ ಮಾತಾಗಿ ತಿರುಗಿದ್ದು ಕನ್ನಡದಲ್ಲಿ 12ನೇ ಶತಮಾನದಷ್ಟು ಹಿಂದೆಯೇ. ನೂಲುವ ಕಾಯಕದ ಕದಿರ ರೆಮ್ಮವ್ವೆಯ ಕೆಲವೇ ವಚನಗಳು ಉಳಿದಿವೆ. ಅವುಗಳಲ್ಲಿ ಒಂದು ಪೂರ್ತಿಯಾಗಿ ರಾಟೆಯ ಮೇಲೆ ನಿಂತಿದೆ. ಅಡಿಯ ಹಲಗೆ, ತೋರಣ, ಬೊಂಬೆ ಎಂದು ರಾಟೆಯ ಭಾಗಗಳನ್ನು ಒಂದೊಂದಾಗಿ ಹೆಸರಿಸಿ ಅವಕ್ಕೆ ಬ್ರಹ್ಮ, ವಿಷ್ಣು, ರುದ್ರರ ಸ್ಥಾನ ಕೊಡುತ್ತಾಳೆ. ಅರಿವು ಕದಿರಾಗುತ್ತದೆ, ಅದನ್ನು ತಿರುಗಿಸುವ ಕೈ ಭಕ್ತಿಯಾಗುತ್ತದೆ. ಸಾಹಿತ್ಯದ ತರಗತಿಗಳಲ್ಲಿ ಇದನ್ನು ರೂಪಕ ಎಂದು ವಿವರಿಸಿ ಮುಂದೆ ಹೋಗುವುದು ವಾಡಿಕೆ. ಆದರೆ ಕದಿರು ತಾನಾಗಿ ತಿರುಗುವುದಿಲ್ಲ, ಕೈ ನಿಂತರೆ ಅದೂ ನಿಲ್ಲುತ್ತದೆ ಎಂಬುದು ರಾಟೆ ಕಂಡವರಿಗೆ ಹೇಳಬೇಕಾಗಿಲ್ಲ. ಅಂಥವರಿಗೆ ಈ ವಚನ ಅಲಂಕಾರವಲ್ಲ, ಅರಿವಿಗೂ ಭಕ್ತಿಗೂ ಇರುವ ಸಂಬಂಧದ ಬಗ್ಗೆ ಒಂದು ನಿಖರ ವಾದ. ಬೊಂಬೆ ಎಂದರೆ ಆಟದ ಗೊಂಬೆ ಎಂದುಕೊಂಡ ಓದುಗರಿಗೆ ಆ ವಾದ ತಲುಪುವುದಿಲ್ಲ. ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ಅವನ ಕಾಲದಿಂದಲೂ ಕಸುಬಿನ ಪದಗಳು ವಚನದ ಒಳಗೆ ಬಂದದ್ದು ಜನಕ್ಕೆ ತಿಳಿಯಲಿ ಎಂಬ ಸರಳತೆಯ ಆಸೆಯಿಂದ ಮಾತ್ರ ಎನ್ನುವುದು ಅರ್ಧಸತ್ಯ. ಬೇರೆ ಮಾತಿನಲ್ಲಿ ಹೇಳಲಾಗದ್ದನ್ನು ಹೇಳಲಿಕ್ಕೂ ಅವು ಬೇಕಾಗಿದ್ದವು.

ಇಲ್ಲಿ ಶಂಕರಾಚಾರ್ಯರ ಒಂದು ವಿಂಗಡಣೆ ಎದುರಾಗುತ್ತದೆ. ಬ್ರಹ್ಮಸೂತ್ರ ಭಾಷ್ಯದಲ್ಲಿ ಅವರು ಜ್ಞಾನವನ್ನು ವಸ್ತುತಂತ್ರ ಎಂದೂ ಕ್ರಿಯೆಯನ್ನು ಪುರುಷತಂತ್ರ ಎಂದೂ ಬೇರ್ಪಡಿಸುತ್ತಾರೆ. ಕ್ರಿಯೆಯನ್ನು ಮಾಡಬಹುದು, ಬಿಡಬಹುದು, ಬೇರೆ ರೀತಿಯಲ್ಲೂ ಮಾಡಬಹುದು. ಜ್ಞಾನದಲ್ಲಿ ಆ ಆಯ್ಕೆಯಿಲ್ಲ, ಕಂಬವನ್ನು ಕಂಬವೆಂದು ತಿಳಿಯುವುದು ಕಂಬಕ್ಕೆ ಅಧೀನ, ತಿಳಿಯುವವನ ಇಷ್ಟಕ್ಕಲ್ಲ. ಮೋಕ್ಷ ಕರ್ಮದಿಂದ ಬರುವಂಥದ್ದಲ್ಲ ಎಂದು ಸ್ಥಾಪಿಸಲು ಈ ವಿಂಗಡಣೆ ಅವರಿಗೆ ಬೇಕಿತ್ತು, ಆ ಮಟ್ಟಿಗೆ ಅದು ಗಟ್ಟಿಯಾಗಿಯೂ ಇದೆ. ನೂಲುವವಳ ತಿಳಿವಳಿಕೆಯನ್ನು ಮಾತ್ರ ಇದರ ಯಾವ ಕಡೆ ಇಡಬೇಕೆಂದು ತೋಚುವುದಿಲ್ಲ. ಅದು ಕ್ರಿಯೆ, ಏಕೆಂದರೆ ಮಾಡದೆ ಬರುವುದಿಲ್ಲ. ವಸ್ತುವಿಗೂ ಅಧೀನ, ಏಕೆಂದರೆ ಎಡಗೈ ಎಷ್ಟು ಬೇಗ ಹಿಂದೆ ಸರಿಯಬೇಕು, ಬೆರಳು ಎಷ್ಟು ಸಡಿಲಿಸಬೇಕು ಎಂಬುದನ್ನು ನಿರ್ಧರಿಸುವುದು ಹತ್ತಿಯ ಎಳೆಯುದ್ದ, ಅಂದಿನ ಹವೆಯ ತೇವ. ಬೇಗ ಎಳೆದರೆ ಕಡಿಯುತ್ತದೆ, ತಡೆದರೆ ಗಂಟಾಗುತ್ತದೆ. ಇದರಲ್ಲಿ ಅವಳ ಇಷ್ಟ ನಡೆಯುವುದಿಲ್ಲ. ಅರಿವು ಬೇರೆ, ಆಚರಣೆ ಬೇರೆ ಎಂದು ಒಪ್ಪದ ಶರಣರ ನಿಲುವು ಈ ಒಂದು ವಿಷಯದಲ್ಲಿ ಭಾಷ್ಯಕಾರರ ನಿಲುವಿಗಿಂತ ಹೆಚ್ಚು ಹೊಂದುತ್ತದೆ. ಆತ್ಮಜ್ಞಾನದ ಪ್ರಶ್ನೆಯನ್ನು ಇದರಿಂದ ತೀರ್ಮಾನಿಸಲಾಗದು. ಆದರೆ ಕೈಯ ಕೆಲಸವೆಲ್ಲ ಬರಿಯ ಕ್ರಿಯೆ, ಅದರಲ್ಲಿ ಜ್ಞಾನವಿಲ್ಲ ಎಂಬ ಪಂಡಿತರ ಹಳೆಯ ಅಸಡ್ಡೆಗೆ ಶಂಕರರ ಮಾತನ್ನು ಆಧಾರವಾಗಿ ತರಬಾರದು.

ವೃದ್ಧವ್ಯವಹಾರದ ಸಿದ್ಧಾಂತ ಮುಟ್ಟದೆ ಬಿಟ್ಟದ್ದೂ ಒಂದಿದೆ. ಮಗು ಹಿರಿಯರ ಪಕ್ಕದಲ್ಲಿ ಕೂತಿದೆ ಎಂದು ಅದು ಹಿಡಿದುಕೊಂಡೇ ಹೊರಡುತ್ತದೆ. ಯಾರ ಪಕ್ಕ ಯಾರು ಕೂರಬಹುದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅದು ಬೇರೊಂದು ಕಡೆ, ಅಧಿಕಾರದ, ಅಂದರೆ ಕಲಿಯಲು ಯಾರು ಅರ್ಹರು ಎಂಬ ಪ್ರಕರಣಗಳಲ್ಲಿ ಏಳುತ್ತದೆ, ಅಲ್ಲಿ ಮೀಮಾಂಸೆಯೂ ವೇದಾಂತವೂ ಶೂದ್ರನನ್ನು ವೇದಾಧ್ಯಯನದಿಂದ ಹೊರಗಿಟ್ಟವು. ಬದನವಾಳಿನ ಮಟ್ಟಿಗೆ ಇದು ಗ್ರಂಥದ ಮಾತಲ್ಲ. 1993ರಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ, ಈ ಊರಿನಲ್ಲಿ ಮೂವರು ದಲಿತರ ಕೊಲೆಯಾಯಿತು. ನಾಡಿಗೆ ಖಾದಿಯಿಂದ ಗೊತ್ತಿದ್ದ ಹೆಸರು ಆಮೇಲೆ ಈ ಕಾರಣಕ್ಕೂ ಗೊತ್ತಾಯಿತು. ಪಕ್ಕ ಕೂರದೆ ಕಲಿಯಲಾಗದ ವಿದ್ಯೆ ಜಾತಿಯ ದೂರವನ್ನು ಕರಗಿಸುತ್ತದೆ ಎಂದು ಖಾದಿಯ ಬಗ್ಗೆ ಉತ್ಸಾಹದಿಂದ ಬರೆದವರುಂಟು. ಊರಿನ ಇತಿಹಾಸ ಆ ಭರವಸೆಯನ್ನು ಪೂರ್ತಿ ಬೆಂಬಲಿಸುವುದಿಲ್ಲ. ಕೆಲಸದ ಕೊಠಡಿಯಲ್ಲಿ ಒಟ್ಟಿಗೆ ಕೂತದ್ದು ಗುಡಿಯ ಬಾಗಿಲಿನವರೆಗೆ ಬರಲಿಲ್ಲ. ವಿದ್ಯೆ ದಾಟಲು ಸಾಮೀಪ್ಯ ಬೇಕು ಎಂಬುದು ಸತ್ಯ. ಸಾಮೀಪ್ಯವನ್ನು ವಿದ್ಯೆಯೇ ತಂದುಕೊಡುತ್ತದೆ ಎಂಬುದಕ್ಕೆ ಆಧಾರ ಸಾಲದು.

ಸಾಧನ ಬದಲಾದಾಗ ಪದ ಹಾಗೇ ಉಳಿದು ಒಳಗಿನ ವಿದ್ಯೆ ಬದಲಾಗುವುದೂ ಉಂಟು. ತಮಿಳುನಾಡಿನ ಏಕಾಂಬರನಾಥ್ ರೂಪಿಸಿದ, ಅವರದೇ ಹೆಸರಿನ ಅಂಬರ ಚರಕ ಸ್ವಾತಂತ್ರ್ಯಾನಂತರ ಖಾದಿ ಕೇಂದ್ರಗಳಿಗೆ ಬಂತು. ಅದರಲ್ಲಿ ಕದಿರು ಒಂದಲ್ಲ, ಹಲವು. ಹಂಜಿಯನ್ನು ಹದವರಿತು ಎಳೆಯುವ ಕೆಲಸ ಬೆರಳುಗಳಿಂದ ರೋಲರುಗಳಿಗೆ ಹೋಯಿತು. ಹಿಡಿಕೆ ತಿರುಗಿಸುವುದು, ಕಡಿದ ಎಳೆಯನ್ನು ಕೂಡಿಸುವುದು, ಎಲ್ಲ ಕದಿರುಗಳ ಮೇಲೂ ಒಂದೇ ಕಾಲಕ್ಕೆ ಕಣ್ಣಿಡುವುದು ಈಗಿನ ನೈಪುಣ್ಯ. ಚರಕ, ನೂಲುವುದು ಎಂಬ ಮಾತುಗಳು ಎರಡಕ್ಕೂ ಒಂದೇ. ಹಳೆಯ ರಾಟೆಯಲ್ಲಿ ನುರಿತವರು ಅಂಬರ ಚರಕದ ಮುಂದೆ ಮತ್ತೆ ಹೊಸಬರಾದರು, ಅಂಬರ ಚರಕದಲ್ಲೇ ಕಲಿತವರಿಗೆ ರೆಮ್ಮವ್ವೆಯ ರಾಟೆ ತಿರುಗಿಸಲು ಬಾರದು. ಹೆಸರು ಉಳಿದದ್ದರಿಂದ ವಿದ್ಯೆಯೂ ಉಳಿದಿದೆ ಎಂದು ಲೆಕ್ಕ ಹಾಕುವ ವರದಿಗಳು ಈ ವ್ಯತ್ಯಾಸವನ್ನು ಕಾಣುವುದಿಲ್ಲ.

2015ರಲ್ಲಿ ರಂಗಕರ್ಮಿ ಪ್ರಸನ್ನ ಬದನವಾಳಿನಲ್ಲಿ ಸತ್ಯಾಗ್ರಹ ಕೂತು, ಕೈ ಉತ್ಪನ್ನಗಳ ಪರವಾಗಿ ದೇಶದ ನಾನಾ ಕಡೆಯ ಜನರನ್ನು ಅಲ್ಲಿಗೆ ಕರೆತಂದರು. ಪಾಳು ಬೀಳುತ್ತಿದ್ದ ಕೇಂದ್ರ ಮತ್ತೆ ಸುದ್ದಿಯಾಯಿತು. ಬೇಡಿಕೆ, ಮಾರುಕಟ್ಟೆ, ಕೂಲಿ ಇವುಗಳ ಪ್ರಶ್ನೆ ಆಗ ಚರ್ಚೆಗೆ ಬಂತು, ಬರಬೇಕಾದದ್ದೇ. ಅರಿವಿನ ಪ್ರಶ್ನೆ ಅದಕ್ಕಿಂತ ಸಣ್ಣದಲ್ಲ. ಬದನವಾಳಿನಲ್ಲಿ ನೂಲುವವರು ಹಿಂದಿಗಿಂತ ಬಹಳ ಕಡಿಮೆಯಾಗಿದ್ದಾರೆ. ಕಸುಬಿನ ಪದಗಳನ್ನು ಪಟ್ಟಿ ಮಾಡಿ ಕಾಪಾಡಲು ಹೊರಡುವ ಸಂಸ್ಥೆಗಳು, ವಿದ್ಯಾರ್ಥಿಗಳು ಮೊದಲು ಒಂದಷ್ಟು ತಿಂಗಳು ಅವರ ಪಕ್ಕದಲ್ಲಿ ಕೂತು ನೂಲಲು ಕಲಿಯಲಿ, ಕಲಿಸಿದವರಿಗೆ ಗುರುಗಳಿಗೆ ಸಲ್ಲುವ ಸಂಬಳ ಕೊಡಲಿ. ಪಟ್ಟಿಯನ್ನು ಆಮೇಲೆ ಬರೆಯಬಹುದು.